ಥಿನ್ನರ್ ವಾಸನೆಯ ಗಂಡ, ಮೈಲುತುತ್ತದ ಸೀರೆ

ಗಂಡ ಮನೆಗೆ ಬರುವ ಮೊದಲು ಅವರ ವಾಸನೆ ಬರುತ್ತಿತ್ತು. ಆರ್.ಟಿ. ನಗರದ ನಮ್ಮ ಮೊದಲನೇ ಮಹಡಿಯ ಮನೆಯಲ್ಲಿ ಸಂಜೆ ಸಾರು ಕುದಿಯಲಿಟ್ಟು ನಾನು ಬಾಗಿಲು ಸ್ವಲ್ಪ ತೆರೆದಿಡುತ್ತಿದ್ದೆ. ಕೆಳಗೆ ಗೇಟಿನ ಚಿಲಕ ಸದ್ದಾಗುವುದಕ್ಕೂ ಮೆಟ್ಟಿಲಲ್ಲಿ ಥಿನ್ನರ್ ವಾಸನೆ ಹತ್ತಿ ಬರುವುದಕ್ಕೂ ಸರಿಹೋಗುತ್ತಿತ್ತು. ಒಗ್ಗರಣೆಯ ಇಂಗನ್ನೂ ಮೀರಿಸುವ ವಾಸನೆ ಅದು. ಬೇರೆಯವರಿಗೆ ತಲೆ ಸುತ್ತುತ್ತಿತ್ತೋ ಏನೋ, ನನಗೆ ಮಾತ್ರ ಇಷ್ಟ. ಹೇಳಿಕೊಳ್ಳಲು ನಾಚಿಕೆಯೇನಿಲ್ಲ. ಮದುವೆಯಾದ ಹೊಸದರಲ್ಲಿ ಅವರ ಅಂಗಿಯನ್ನು ನೆನೆಹಾಕುವ ಮುಂಚೆ ಒಮ್ಮೆ ಮೂಗಿಗೆ ಹಿಡಿದುಕೊಳ್ಳುತ್ತಿದ್ದೆ.

ಅವರದು ಯಶವಂತಪುರದಲ್ಲಿ ಒಂದು ಪುಟ್ಟ ಶೆಡ್. ಕಾರುಗಳಿಗೆ ಬಣ್ಣ ಹೊಡೆಯುವವರೇ ಸಾಲಾಗಿ ಕೂತಿರುವ ಒಂದು ಗಲ್ಲಿಯ ಕೊನೆಯಲ್ಲಿದೆ. ನಿಮ್ಮ ಕಾರಿನ ಬಾಗಿಲನ್ನು ಯಾವನೋ ಆಟೊದವನು ಉಜ್ಜಿಕೊಂಡು ಹೋದ ಎಂದಿಟ್ಟುಕೊಳ್ಳಿ. ತಗ್ಗು ತಟ್ಟಿ ಸರಿಮಾಡುವವರು ಬೇಕಾದಷ್ಟು ಜನ ಇದ್ದಾರೆ. ಆದರೆ ಆ ಒಂದು ಬಾಗಿಲಿನ ಬಣ್ಣ ಉಳಿದ ಕಾರಿನ ಬಣ್ಣಕ್ಕೆ ಕೂಡಬೇಕಲ್ಲ, ಅಲ್ಲಿಗೆ ನನ್ನ ಗಂಡ ಬೇಕು. ಬಿಸಿಲಿಗೆ ಮಾಸಿದ ಕಾರಿನ ಬಣ್ಣ ಯಾವ ಡಬ್ಬಿಯಲ್ಲೂ ಸಿಗುವುದಿಲ್ಲ, ಕಲಸಿಯೇ ತೆಗೆಯಬೇಕು. ಗಲ್ಲಿಯವರು ಪೆಟ್ರೋಲ್ ಹಾಕುವ ಕಡೆಯ ಪುಟ್ಟ ಮುಚ್ಚಳವನ್ನು ಬಿಚ್ಚಿ ತಂದು ಇವರ ಕೈಗೆ ಕೊಡುತ್ತಿದ್ದರು. ಇವರು ಅದನ್ನು ಬಿಸಿಲಿಗೆ ಹಿಡಿದು, ಒಂದು ಕಣ್ಣು ಕಿರಿದು ಮಾಡಿ ನೋಡಿ, ಒಳಗೆ ಹೋಗಿ ಬಿಳಿಗೆ ಒಂದಿಷ್ಟು ನೀಲಿ, ಚೂರು ಕಪ್ಪು ಬಿಟ್ಟು, ಥಿನ್ನರ್ ಸುರಿದು ಕಲಸಿ, ರಟ್ಟಿನ ತುಂಡಿನ ಮೇಲೆ ಹೊಡೆದು ತರುತ್ತಿದ್ದರು. ಒಣಗಿದ ರಟ್ಟಿನ ಮೇಲೆ ಮುಚ್ಚಳ ಇಟ್ಟರೆ ಮುಚ್ಚಳ ಎಲ್ಲಿದೆ ಎಂದು ಹುಡುಕಬೇಕು, ಹಾಗೆ ಕೂಡುತ್ತಿತ್ತು. ಈಗ ಬಣ್ಣ ಅಳೆಯುವ ಮಷೀನು ಬಂದಿದೆ, ದೊಡ್ಡ ಷೋರೂಮಿನವರು ಇಟ್ಟುಕೊಂಡಿದ್ದಾರೆ. ಆ ಗಲ್ಲಿಗೆ ಮಾತ್ರ ಇವರ ಕಣ್ಣೇ ಮಷೀನು.

ನನ್ನದು ಮ್ಯಾಚಿಂಗ್ ಸೆಂಟರ್. ಮನೆಯಿಂದ ಎರಡು ರಸ್ತೆ ಆಚೆ. ಹೆಂಗಸರು ಸೀರೆ ತರುತ್ತಾರೆ, ನಾನು ಅದಕ್ಕೆ ಕೂಡುವ ಬ್ಲೌಸ್ ಪೀಸ್, ಫಾಲ್, ದಾರ ತೆಗೆದುಕೊಡುತ್ತೇನೆ. ಪಕ್ಕದ ಮಳಿಗೆಯಲ್ಲಿ ಬ್ಲೌಸ್ ಹೊಲಿಯುವಾಕೆ ನನಗಿಂತ ದೊಡ್ಡವಳು, ಮನೆಯಲ್ಲಿ ದಖ್ಖನಿ ಮಾತಾಡುವ ಮುಸ್ಲಿಂ ಹೆಂಗಸು. ಇಡೀ ರಸ್ತೆಗೆ ಅವಳು ಆಪಾ. ನಾನು ಬಟ್ಟೆ ಕತ್ತರಿಸಿದರೆ ಅವಳು ಹೊಲಿಯುತ್ತಾಳೆ, ನಾನು ಊಟಕ್ಕೆ ಹೋದರೆ ಅವಳು ನನ್ನ ಅಂಗಡಿ ನೋಡಿಕೊಳ್ಳುತ್ತಾಳೆ. ಬಾಯಿ ಮಾತ್ರ ಅವಳ ಕತ್ತರಿಗಿಂತ ಹರಿತ.

ಗಂಡ ಹೆಂಡತಿ ಇಬ್ಬರೂ ಬಣ್ಣದಿಂದ ಅನ್ನ ತಿನ್ನುವವರು. ಆದರೆ ನಮ್ಮಿಬ್ಬರ ಭಾಷೆ ಬೇರೆ. ನಾನು ಬದನೆಕಾಯಿ ಬಣ್ಣ ಅಂದರೆ ಅವರು 'ನೀಲಿಗೆ ಕೆಂಪು ಜಾಸ್ತಿ ಬಿದ್ದಿದೆ' ಅನ್ನುತ್ತಿದ್ದರು. ನಾನು ಈರುಳ್ಳಿ ಸಿಪ್ಪೆ ಅಂದರೆ ಅವರು 'ಬಿಸಿಲಿಗೆ ಬಿಟ್ಟ ಕೆಂಪು' ಅನ್ನುತ್ತಿದ್ದರು. ಜಗಳ ಆಡುತ್ತಲೇ ಇದ್ದೆವು, ಸುಖವಾದ ಜಗಳ. ಭಾನುವಾರ ಶೆಡ್‌ಗೆ ರಜೆ. ಅವತ್ತು ಅವರು ತಿಂಡಿ ತಿಂದು ನನ್ನ ಅಂಗಡಿಗೆ ಬಂದು, ವಾರವೆಲ್ಲ ಕಲಸಿಹೋದ ದಾರದ ಉಂಡೆಗಳನ್ನು ಮತ್ತೆ ಸಾಲಾಗಿ ಜೋಡಿಸುತ್ತಿದ್ದರು. ಹಳದಿಯಿಂದ ಗಿಣಿ ಹಸಿರು, ಅಲ್ಲಿಂದ ರಾಮಾ ಗ್ರೀನ್, ಅಲ್ಲಿಂದ ಮೈಲುತುತ್ತದ ನೀಲಿ, ಆಮೇಲೆ ಕಡುನೀಲಿ, ಬದನೆಕಾಯಿ. ಒಂದರಿಂದ ಇನ್ನೊಂದಕ್ಕೆ ಎಲ್ಲಿ ದಾಟಿತು ಎಂದು ಗೊತ್ತಾಗದಂತೆ. ಬೇರೆ ಗಂಡಸರು ಭಾನುವಾರ ಕ್ರಿಕೆಟ್ ನೋಡುತ್ತಿದ್ದರೆ ನನ್ನವರು ನೆಲದ ಮೇಲೆ ಕಾಲು ಚಾಚಿ ಕೂತು ದಾರ ಜೋಡಿಸುತ್ತಿದ್ದರು. ಆಪಾ ಬಂದು, "ಭಾಯಿನ ಇಲ್ಲೇ ಕೆಲ್ಸಕ್ಕೆ ಇಟ್ಕೊಂಬಿಡಮ್ಮ, ನಿನಗಿಂತ ಚೆನ್ನಾಗಿ ಮಾಡ್ತಾರೆ," ಎಂದು ಉರಿಸುತ್ತಿದ್ದಳು.

ಗೌರಿ ಹಬ್ಬಕ್ಕೂ ನಮ್ಮದೊಂದು ಪದ್ಧತಿ ಇತ್ತು. ಸೀರೆ ನನ್ನ ಆಯ್ಕೆ, ಬ್ಲೌಸ್ ಪೀಸ್ ಅವರ ಆಯ್ಕೆ. ಅವರು ಸೀರೆಯನ್ನು ಒಮ್ಮೆ ನೋಡಿ, ಅದನ್ನು ಮನೆಯಲ್ಲೇ ಬಿಟ್ಟು, ಬರಿಗೈಯಲ್ಲಿ ಅಂಗಡಿಗೆ ಹೋಗಿ, ಕಪಾಟಿನಿಂದ ಪೀಸ್ ತೆಗೆದು ತರುತ್ತಿದ್ದರು. ತಂದದ್ದು ಸೀರೆಯ ಮೇಲೆ ಬಿದ್ದರೆ ಅದರದೇ ತುಂಡು. ಅಂಗಡಿ ನನ್ನದು, ಹೆಸರು ಅವರದು. ಆ ಹೆಮ್ಮೆ ನನಗೆಷ್ಟಿತ್ತೆಂದರೆ ಗಿರಾಕಿಗಳೆದುರು ಬೇಕೆಂದೇ ಹೇಳಿಕೊಳ್ಳುತ್ತಿದ್ದೆ.

ಥಿನ್ನರ್ ಬಗ್ಗೆ ನಮಗೆ ಭಯವೇನೂ ಇರಲಿಲ್ಲ. ಅದು ನೀರಿನ ಹಾಗೆ ಎಲ್ಲ ಕಡೆ ಹರಿಯುತ್ತಿತ್ತು. ಗಲ್ಲಿಯಲ್ಲಿ ಬಣ್ಣ ತೆಳುಮಾಡುವುದಕ್ಕೆ ಅದೇ, ಸ್ಪ್ರೇ ಗನ್ ತೊಳೆಯುವುದಕ್ಕೆ ಅದೇ. ಎದುರಿನ ಸೀಟ್ ಕವರ್ ಅಂಗಡಿಯವನ ಗೋಂದಿನಲ್ಲಿ ಅದೇ, ಮರಗೆಲಸದವನ ಪಾಲಿಶ್‌ನಲ್ಲಿ ಅದೇ, ಮದುವೆ ಪತ್ರಿಕೆ ಅಚ್ಚು ಹಾಕುವವನು ಶಾಯಿ ಒರೆಸುವುದೂ ಅದರಲ್ಲೇ. ಮನೆಯಲ್ಲಿ ಹಳೆಯ ಔಷಧಿ ಸೀಸೆಯಲ್ಲಿ ಒಂದಿಷ್ಟು ಸದಾ ಇರುತ್ತಿತ್ತು. ಹೊಸ ಸ್ಟೀಲ್ ಪಾತ್ರೆಯ ಸ್ಟಿಕ್ಕರ್ ಗೋಂದು ಬಿಡಿಸಲು, ಅಂಚು ಹೊಲಿಯುವ ನನ್ನ ಪಿಕೋ ಮಷೀನಿನ ಎಣ್ಣೆ ಸೀರೆಗೆ ತಾಗಿದರೆ ಕಲೆ ತೆಗೆಯಲು. ಹತ್ತಿ ಅದ್ದಿ ಒತ್ತಿದರೆ ಕಲೆ ಮಾಯ, ವಾಸನೆಯೂ ಮಾಯ. ಇಷ್ಟು ಉಪಕಾರ ಮಾಡುವ ವಸ್ತು ಅಪಕಾರ ಮಾಡೀತು ಎಂದು ಯಾರಿಗೆ ಹೊಳೆಯುತ್ತದೆ.

ಅದೂ ಅಲ್ಲದೆ ನಮ್ಮಲ್ಲಿ ಬೆಲ್ಲ ಇತ್ತು. ಆ ಗಲ್ಲಿಯ ಒಬ್ಬೊಬ್ಬ ಪೇಂಟರ್ ಜೇಬಿನಲ್ಲೂ ಬೆಲ್ಲದ ಚೂರು ಇರುತ್ತದೆ. ಬಣ್ಣ ಹೊಡೆಯುವಾಗ ದವಡೆಯಲ್ಲಿ ಒಂದು ಉಂಡೆ, ಕೆಲಸ ಮುಗಿದ ಮೇಲೆ ಇನ್ನೊಂದು ಉಂಡೆ, ಜೊತೆಗೊಂದು ಬಾಳೆಹಣ್ಣು. ಹೊಟ್ಟೆಗೆ ಹೋದ ಬೆಲ್ಲ ಎದೆಯಲ್ಲಿ ಕೂತ ಬಣ್ಣವನ್ನು, ಹೊಗೆಯನ್ನು ಎಳೆದುಕೊಂಡು ಹೋಗುತ್ತದೆ ಎಂದು ಅವರ ನಂಬಿಕೆ. ಹೆಸರಘಟ್ಟದ ಕಡೆಯ ಹಳ್ಳಿಯಲ್ಲಿರುವ ನನ್ನ ಅತ್ತೆಯಂತೂ ಬಂದಾಗಲೆಲ್ಲ ಡಬ್ಬಿ ತುಂಬ ಕರಿಬೆಲ್ಲ ತರುತ್ತಿದ್ದರು. "ಇಂಗೆ ಬಾಯಿಗಾಕ್ಕಂಡು ಚೀಪ್ತಾ ಇರು ಮಗಾ, ಎದೇಲಿರೋದೆಲ್ಲ ಕೆಳಿಕ್ಕೆ ಇಳೀತದೆ," ಎಂದು ಮಗನ ತಲೆ ಸವರುತ್ತಿದ್ದರು. ನಾನೂ ಬಿಡಲಿಲ್ಲ. ಊಟದ ಡಬ್ಬಿಯ ಮೇಲಿನ ಖಾನೆಯಲ್ಲಿ ಬೆಲ್ಲ, ಏಲಕ್ಕಿ ಪುಡಿ ಉದುರಿಸಿ, ಚಂದವಾಗಿ ಕಾಗದದಲ್ಲಿ ಸುತ್ತಿ ಕಳಿಸುತ್ತಿದ್ದೆ. ಮಾಸ್ಕ್ ಹಾಕಿಕೊಳ್ಳಿ ಎಂದು ಯಾರೋ ಹೇಳಿದರೆ ಇವರು ದವಡೆ ತೋರಿಸಿ ನಗುತ್ತಿದ್ದರು.

ಹೀಗಿರುವಾಗ ಒಂದು ಭಾನುವಾರ ದಾರ ಜೋಡಿಸಿ ಹೋದ ಮೇಲೆ ನೋಡಿದರೆ ರಾಮಾ ಗ್ರೀನ್ ಸಾಲಿನಲ್ಲಿ ನೀಲಿ ಉಂಡೆಗಳು ನುಗ್ಗಿ ಕೂತಿದ್ದವು. ಮಾತಾಡುತ್ತಾ ಕೈ ತಪ್ಪಿರಬೇಕು ಎಂದುಕೊಂಡು ನಾನೇ ಸರಿಮಾಡಿದೆ. ಆ ದಿನಗಳಲ್ಲಿ ಅವರಿಗೆ ತಲೆನೋವೂ ಬರುತ್ತಿತ್ತು. ವಾರದ ಕೊನೆಗೆ ಜೋರು, ಭಾನುವಾರ ಇಳಿತ. ಸಣ್ಣಸಣ್ಣದಕ್ಕೂ ರೇಗುತ್ತಿದ್ದರು, ಕೀಲಿಕೈ ಎಲ್ಲೋ ಇಟ್ಟು ಮರೆತು ನನ್ನನ್ನು ಬೈಯುತ್ತಿದ್ದರು. ನಾನೂ ಸುಮ್ಮನಿರುವ ಪೈಕಿ ಅಲ್ಲ, ತಿರುಗಿ ಬೈಯುತ್ತಿದ್ದೆ. ವಯಸ್ಸಾಗುತ್ತಿದೆ, ಕನ್ನಡಕ ಬೇಕಾಗಿರಬಹುದು ಎಂದು ಇಬ್ಬರೂ ಅಂದುಕೊಂಡೆವು.

ಆ ವರ್ಷದ ಗೌರಿಗೆ ನಾನು ಕೊಂಡದ್ದು ಮೈಲುತುತ್ತದ ಬಣ್ಣದ ರೇಷ್ಮೆ. ಅಪ್ಪಟ ನೀಲಿ, ಹೊಲಕ್ಕೆ ಹೊಡೆಯುವ ಮೈಲುತುತ್ತದ ಹರಳು ನೀರಿಗೆ ಬಿದ್ದಾಗ ಬರುತ್ತದಲ್ಲ, ಅದೇ ಬಣ್ಣ. ಇವರು ಎಂದಿನಂತೆ ನೋಡಿದರು, ಎಂದಿನಂತೆ ಬರಿಗೈಯಲ್ಲಿ ಹೋದರು, ಪೀಸ್ ತಂದು ನೇರ ಆಪಾಗೆ ಕೊಟ್ಟು ಬಂದರು. ಸಂಜೆ ನಾನು ಅಂಗಡಿಗೆ ಹೋದಾಗ ಆಪಾ ಅದನ್ನು ಎರಡು ಕೈಯಲ್ಲಿ ಎತ್ತಿ ಹಿಡಿದಳು. ರಾಮಾ ಗ್ರೀನ್. ಹಸಿರು ಅಂದರೆ ಹಸಿರು.

"ಕ್ಯಾ ಜೀ, ಭಾಯಿ ಏನ್ ಇವತ್ತು ಕಣ್ಣು ಮನೇಲಿ ಬಿಟ್ ಬಂದವ್ರಾ?" ಎಂದಳು. "ಇದು ಹೊಲಿಯೋದಾ, ಬೇಡ್ವಾ?"

"ಕಾಂಟ್ರಾಸ್ಟ್ ಇರ್ಬೇಕು ಬಿಡು. ಈಗೆಲ್ಲ ಹಂಗೇ ತಾನೇ ಹಾಕೋದು. ಹೊಲಿ," ಎಂದೆ. ಅವಳು ಮುಖ ಸಿಂಡರಿಸಿಕೊಂಡೇ ಹೊಲಿದಳು.

ಹಬ್ಬದ ದಿನ ಸೀರೆ ಉಟ್ಟು, ಆ ಹಸಿರು ಬ್ಲೌಸ್ ತೊಟ್ಟು ಇವರ ಮುಂದೆ ನಿಂತೆ. ಕಾಂಟ್ರಾಸ್ಟ್ ಹೇಗಿದೆ ಎಂದು ಕೇಳಬೇಕೆಂದಿದ್ದೆ. ಅಷ್ಟರಲ್ಲಿ ಅವರೇ ನನ್ನ ತೋಳನ್ನೂ ಸೆರಗನ್ನೂ ಹತ್ತಿರ ಹಿಡಿದು ನೋಡಿ, "ನೋಡಿದ್ಯಾ? ಒಂದ್ ಎಳೆ ಹೆಚ್ಚು ಕಡಿಮೆ ಇಲ್ಲ. ಒಂದೇ ಮಗ್ಗದಲ್ಲಿ ನೇಯ್ದಂಗಿದೆ," ಎಂದರು. ತಮಾಷೆ ಮಾಡುವಾಗ ಅವರ ತುಟಿಯ ಒಂದು ತುದಿ ಮೇಲಕ್ಕೆ ಹೋಗುತ್ತದೆ. ಅವತ್ತು ಹೋಗಿರಲಿಲ್ಲ. ಹೌದು, ಚೆನ್ನಾಗಿದೆ ಎಂದು ಹೇಳಿ ಒಳಗೆ ಹೋಗಿ ಗೌರಿಯ ಮುಂದೆ ಕೂತೆ. ಪೂಜೆಯಲ್ಲಿ ಮನಸ್ಸು ನಿಲ್ಲಲಿಲ್ಲ.

ಹಬ್ಬದ ದಿನ ಹೇಗೆ ಹೇಳುವುದು ಎಂದು ಸುಮ್ಮನಿದ್ದೆ, ಆಮೇಲೆ ಹೇಗೆ ಶುರುಮಾಡುವುದು ಎಂದು ತಿಳಿಯದೆ ಸುಮ್ಮನಿದ್ದೆ. ಕೊನೆಗೆ ಅವರ ಫೋನೇ ಬಂತು. "ಸ್ವಲ್ಪ ಶೆಡ್‌ಗೆ ಬಂದ್ಹೋಗ್ತೀಯಾ? ಒಂದು ಶೇಡ್ ನೋಡ್ಬೇಕು," ಎಂದರು. ಮದುವೆಯಾದಾಗಿನಿಂದ ಆ ಮನುಷ್ಯ ಶೇಡ್ ನೋಡಲು ಯಾರನ್ನೂ ಕರೆದವರಲ್ಲ. ಆಪಾಗೆ ಅಂಗಡಿ ಒಪ್ಪಿಸಿ ಆಟೊ ಹಿಡಿದೆ. ಮೇಖ್ರಿ ಸರ್ಕಲ್ ಟ್ರಾಫಿಕ್ಕಿನಲ್ಲಿ ಕೂತು ಉಗುರು ಕಚ್ಚಿಕೊಂಡೆ.

ಗಲ್ಲಿಯಲ್ಲಿ ಒಂದು ಹಳೆಯ ನೀಲಿ ಕಾರು ನಿಂತಿತ್ತು. ಅದರ ಯಜಮಾನರು ಯಲಹಂಕದ ಒಬ್ಬ ರಿಟೈರ್ಡ್ ಮೇಷ್ಟ್ರು, ಸಾಧು ಮನುಷ್ಯ. ನನ್ನನ್ನು ಕಂಡು, "ನೋಡಿ ತಾಯಿ, ನನ್ನ ಕಾರಿಗೆ ಬೇರೆಯವರ ಬಾಗಿಲು ಹಾಕಿದಂಗಿದೆ. ಇದು ಎಷ್ಟನೇ ಸಲವೋ ಬರ್ತಾ ಇರೋದು ನಾನು," ಎಂದರು. ಕೋಪವೂ ಇರಲಿಲ್ಲ ಅವರ ದನಿಯಲ್ಲಿ, ಅದೇ ಹೆಚ್ಚು ಚುಚ್ಚಿತು. ಕಾರು ನೀಲಿ, ಬಾಗಿಲು ಹಸಿರಿಗೆ ತಿರುಗಿದ ನೀಲಿ. ಬಟ್ಟೆ ಅಂಗಡಿಯ ನನಗಷ್ಟೇ ಅಲ್ಲ, ರಸ್ತೆಯಲ್ಲಿ ಹೋಗುವ ಯಾರಿಗಾದರೂ ಕಾಣುವಂತಿತ್ತು.

ಶೆಡ್ಡಿನ ಷಟರ್ ಮುಕ್ಕಾಲು ಎಳೆದಿತ್ತು. ಬಗ್ಗಿ ಒಳಗೆ ಹೋದೆ. ಫ್ಯಾನ್ ಇತ್ತು, ಹಾಕಿರಲಿಲ್ಲ. ಫ್ಯಾನ್ ತಿರುಗಿದರೆ, ಷಟರ್ ತೆಗೆದರೆ ಹಸಿ ಬಣ್ಣದ ಮೇಲೆ ಧೂಳು ಕೂರುತ್ತದೆ, ಅದಕ್ಕೇ ಗಲ್ಲಿಯಲ್ಲಿ ಎಲ್ಲರೂ ಹೀಗೆ ಮುಚ್ಚಿಕೊಂಡೇ ಕೆಲಸ ಮಾಡುವುದು. ಒಳಗಿನ ಗಾಳಿ ಗಂಟಲಿಗೆ ಹೋಗಿ ಹಿಡಿದುಕೊಂಡಿತು, ಕಣ್ಣಲ್ಲಿ ನೀರು ಬಂತು. ಮೆಟ್ಟಿಲ ಮೇಲೆ ಇಷ್ಟಪಡುತ್ತಿದ್ದ ವಾಸನೆಯೇ ಇದು, ಆದರೆ ಇಲ್ಲಿ ಉಸಿರಾಡಲು ಬೇರೇನೂ ಇರಲಿಲ್ಲ. ನನ್ನ ಗಂಡ ಮೂಗಿಗೆ ಒದ್ದೆ ಕರ್ಚೀಫು ಕಟ್ಟಿಕೊಂಡು, ಥಿನ್ನರ್ ಬೋಗುಣಿಯಲ್ಲಿ ಮೊಣಕೈವರೆಗೆ ಕೈ ಅದ್ದಿ ಬಣ್ಣ ತೊಳೆಯುತ್ತಿದ್ದರು. ಕರ್ಚೀಫಿನ ಅಡಿಯಲ್ಲಿ ದವಡೆ ಉಬ್ಬಿತ್ತು, ನಾನು ಕಳಿಸಿದ ಬೆಲ್ಲ.

"ಯಾವ ಕಡೆ ಹೋಗಿದೆ ಹೇಳು," ಎಂದು ರಟ್ಟು ತೋರಿಸಿದರು.

"ಹಸಿರಿಗೆ ಹೋಗಿದೆ. ನಿಮಗೆ ಕಾಣಿಸ್ತಿಲ್ವಾ?"

ಅವರು ರಟ್ಟನ್ನು ಬೆಳಕಿಗೆ ಹಿಡಿದರು, ಹತ್ತಿರ ತಂದರು, ದೂರ ಹಿಡಿದರು. "ಇಲ್ಲ ಕಣೇ," ಎಂದರು. "ನನಗೆ ಎರಡೂ ಒಂದೇ ಕಾಣ್ತಿದೆ." ಹಾಗೆ ಹೇಳಿ ಮಕ್ಕಳ ಹಾಗೆ ನನ್ನ ಮುಖ ನೋಡಿದರು. ನನಗೆ ಅಳು ಬಂತು, ಅದನ್ನು ಸಿಟ್ಟು ಮಾಡಿಕೊಂಡು ಷಟರನ್ನು ದಡಾರನೆ ಮೇಲಕ್ಕೆ ತಳ್ಳಿದೆ. ಗಲ್ಲಿಯ ಗಂಡಸರೆಲ್ಲ ತಿರುಗಿ ನೋಡಿದರು. ನೋಡಿಕೊಳ್ಳಲಿ ಎಂದು ಇವರ ಕೈ ಹಿಡಿದು ಹೊರಗೆ ಎಳೆದುಕೊಂಡು ಬಂದೆ.

ಹೆಬ್ಬಾಳದ ಫ್ಲೈಓವರ್ ಇಳಿದು ಕೆಂಪಾಪುರದ ಕಡೆ ತಿರುಗುವಲ್ಲಿ ಒಂದು ಕಣ್ಣಿನ ಕ್ಲಿನಿಕ್ ಇದೆ. ಅಲ್ಲಿನ ಡಾಕ್ಟರಮ್ಮ ನಿಧಾನದ ಹೆಂಗಸು. ಗೋಡೆಯ ಮೇಲಿನ ಅಕ್ಷರ ಓದಿಸಿದರು, ಇವರು ಕೊನೆಯ ಸಾಲಿನವರೆಗೆ ಓದಿದರು. ಬಣ್ಣದ ಚುಕ್ಕಿಗಳ ನಡುವೆ ಅಡಗಿದ ಅಂಕಿ ಹುಡುಕುವ ಪುಸ್ತಕ ಕೊಟ್ಟರು, ಇವರು ಎಲ್ಲ ಅಂಕಿಯನ್ನೂ ಪಟಪಟನೆ ಹೇಳಿದರು. ನನಗೆ ಜೀವ ಬಂದಂತಾಯಿತು. ಇವರು ನನ್ನ ಕಡೆ ತಿರುಗಿ, "ಸುಮ್ನೆ ಹೆದರಿಸ್ತೀಯ," ಎಂದರು.

ಆಗ ಆಕೆ ಒಳಗಿನಿಂದ ಒಂದು ಉದ್ದನೆಯ ಮರದ ಪೆಟ್ಟಿಗೆ ತಂದು ಮುಂದಿಟ್ಟರು. ಅದರ ತುಂಬ ಪುಟ್ಟಪುಟ್ಟ ಗುಂಡನೆಯ ಬಿಲ್ಲೆಗಳು, ಒಂದೊಂದರ ಮೇಲೂ ಒಂದೊಂದು ಮಾಸಲು ಬಣ್ಣ. "ಇವನ್ನ ಒಂದರಿಂದ ಇನ್ನೊಂದಕ್ಕೆ ಸ್ವಲ್ಪ ಸ್ವಲ್ಪವೇ ಬದಲಾಗೋ ಹಾಗೆ ಸಾಲಾಗಿ ಜೋಡಿಸಿ," ಎಂದರು.

ಇವರು ನಕ್ಕುಬಿಟ್ಟರು. "ಮೇಡಂ, ಇದು ನನ್ನ ಭಾನುವಾರದ ಕೆಲ್ಸ," ಎಂದು ಅಂಗಿ ತೋಳು ಮಡಚಿ ಕೂತರು. ಎಷ್ಟು ಆಸೆಯಿಂದ ಜೋಡಿಸಿದರು ಎಂದರೆ ಒಂದೊಂದು ಬಿಲ್ಲೆಯನ್ನೂ ಎತ್ತಿ, ಪಕ್ಕದ್ದಕ್ಕೆ ತಾಗಿಸಿ, ತಲೆ ವಾಲಿಸಿ ನೋಡಿ ಇಡುತ್ತಿದ್ದರು. ನಾನು ಅವರ ಬೆನ್ನ ಹಿಂದೆ ಕೂತಿದ್ದೆ. ನೀಲಿಯ ಪಕ್ಕ ಹಸಿರು, ಮತ್ತೆ ನೀಲಿ, ನಡುವೆ ಒಂದು ಬದನೆಕಾಯಿ. ಹೇಳಬೇಕೆಂದು ನಾಲಿಗೆ ತುದಿಗೆ ಬಂತು. ಡಾಕ್ಟರಮ್ಮ ನನ್ನನ್ನು ನೋಡಿ ಬೇಡ ಎಂದು ತಲೆ ಅಲ್ಲಾಡಿಸಿದರು. ಕೊನೆಯ ಬಿಲ್ಲೆ ಇಟ್ಟು ಇವರು ಕೈ ಒರೆಸಿಕೊಂಡು, "ನೋಡಿ," ಎಂದು ಪೆಟ್ಟಿಗೆಯನ್ನು ಆಕೆಯ ಕಡೆ ತಳ್ಳಿದರು. ಹೊಸ ಬ್ಲೌಸ್ ಪೀಸ್ ತಂದಾಗ ಇರುತ್ತಿತ್ತಲ್ಲ, ಅದೇ ಹೆಮ್ಮೆ ಮುಖದಲ್ಲಿ. ಆಕೆ ಬಿಲ್ಲೆಗಳನ್ನು ಮಗುಚಿ ಹಾಕಿದರು. ಹಿಂಬದಿಯಲ್ಲಿ ಅಂಕಿಗಳಿದ್ದವು, ಸಾಲು ಚೆಲ್ಲಾಪಿಲ್ಲಿ. ಇವರು ಆ ಅಂಕಿಗಳನ್ನು ನೋಡುತ್ತಾ ಕೂತರು.

"ಏನ್ ಕೆಲಸ ಮಾಡ್ತೀರಿ?" ಎಂದು ಆಕೆ ಕೇಳಿದಾಗ ನಾನೇ ಹೇಳಿದೆ. ಥಿನ್ನರ್ ಎಂಬ ಮಾತು ಬಂದದ್ದೇ ಆಕೆ ಪೆನ್ ಕೆಳಗಿಟ್ಟರು. ಸಕ್ಕರೆ ಕಾಯಿಲೆ ಇದೆಯೇ, ಕಣ್ಣಿನ ಒಳಪರದೆ ಹೇಗಿದೆ ಎಂದೆಲ್ಲ ಪರೀಕ್ಷೆ ಮಾಡಿಸಿದರು. ಯಾವುದರಲ್ಲೂ ದೋಷ ಸಿಗಲಿಲ್ಲ. ಎಲ್ಲ ಆದ ಮೇಲೆ ಕೂರಿಸಿಕೊಂಡು ಬಿಡಿಸಿ ಹೇಳಿದರು. ಥಿನ್ನರ್‌ನಲ್ಲಿ ಟಾಲ್ಯೂಯಿನ್ ಅಂತ ಒಂದು ದ್ರವ ಇರುತ್ತದೆ. ಬಣ್ಣ, ಗೋಂದು, ಶಾಯಿ ಎಲ್ಲವನ್ನೂ ಕರಗಿಸುವುದೇ ಅದರ ಗುಣ. ಉಸಿರಿನಲ್ಲಿ ಹೋಗುತ್ತದೆ, ಚರ್ಮದ ಮೂಲಕವೂ ಹೋಗುತ್ತದೆ, ರಕ್ತ ಸೇರಿ ಮಿದುಳಿಗೆ, ನರಗಳಿಗೆ ತಲುಪುತ್ತದೆ. ತಲೆನೋವು, ಮರೆವು, ಸಿಡುಕು ಎಲ್ಲ ಅದರದೇ ಇರಬಹುದು. ವರ್ಷಗಟ್ಟಲೆ ಮುಚ್ಚಿದ ಜಾಗದಲ್ಲಿ ಅದನ್ನು ಉಸಿರಾಡಿದರೆ ಬಣ್ಣ ಕಾಣುವ ಶಕ್ತಿಗೂ ಪೆಟ್ಟು ಬೀಳಬಹುದು, ಅದರಲ್ಲೂ ನೀಲಿ ಹಳದಿಯ ಕಡೆ, ಅಂಕಿಯ ಪುಸ್ತಕದಲ್ಲಿ ಅದು ಸಿಕ್ಕುವುದಿಲ್ಲ. "ನೂರಕ್ಕೆ ನೂರು ಅದರಿಂದಲೇ ಅಂತ ಹೇಳೋಕಾಗಲ್ಲ. ಆದ್ರೆ ನನಗೆ ಅದರ ಮೇಲೇ ಅನುಮಾನ," ಎಂದರು.

"ನಾನು ಬೆಲ್ಲ ತಿಂತೀನಲ್ಲ ಮೇಡಂ," ಎಂದರು ನನ್ನ ಗಂಡ.

"ಬೆಲ್ಲ ಹೊಟ್ಟೆಗೆ ಹೋಗುತ್ತೆ, ಗಾಳಿ ಶ್ವಾಸಕೋಶಕ್ಕೆ ಹೋಗುತ್ತೆ. ಎರಡೂ ಭೇಟಿನೇ ಆಗಲ್ಲ," ಎಂದು ಆಕೆ ಮೆತ್ತಗೆ ಹೇಳಿದರು. "ಥಿನ್ನರ್‌ನಿಂದ ದೂರ ಇದ್ರೆ ಸ್ವಲ್ಪ ವಾಪಸ್ ಬರಬಹುದು. ಬರದೆಯೂ ಇರಬಹುದು. ಹಿಂಗೇ ಮುಂದುವರಿಸಿದ್ರೆ ಮಾತ್ರ ಇರೋದೂ ಹೋಗುತ್ತೆ."

ಮನೆಗೆ ಬಂದು ಜಗಳವಾಡಿದೆವು. ಇದು ಸುಖದ ಜಗಳ ಆಗಿರಲಿಲ್ಲ. ಶೆಡ್ ಮುಚ್ಚಿಬಿಡಿ, ನನ್ನ ಅಂಗಡಿ ಸಾಕು ಎಂದೆ. ಅವರು ಕುರ್ಚಿಯಲ್ಲಿ ಕೂತು ಅಂಗೈ ನೋಡಿಕೊಳ್ಳುತ್ತಾ, "ಇದೊಂದು ಬಿಟ್ರೆ ನನಗೆ ಏನ್ ಬರುತ್ತೆ ಹೇಳು. ಗಲ್ಲಿಯವರು ನನ್ನ ಹತ್ರ ಬರೋದು ಕಣ್ಣಿಗೆ. ಅದೂ ಇಲ್ಲ ಅಂದ್ರೆ ನಾನ್ಯಾರು?" ಎಂದರು. ಅಂಗೈಯಿಂದ ತಲೆ ಎತ್ತಿ ನನ್ನ ಸೆರಗು ನೋಡಿ, "ಮುಂದೆ ನಿನ್ನ ಸೀರೆ ಬಣ್ಣ ನನಗೆ ಗೊತ್ತೇ ಆಗಲ್ವೇನೋ," ಎಂದರು. ಆ ಮಾತಿಗೆ ನನ್ನ ಸಿಟ್ಟೆಲ್ಲ ಇಳಿಯಿತು. ಪಕ್ಕದಲ್ಲಿ ಹೋಗಿ ಕೂತೆ. ಹಬ್ಬದ ಬ್ಲೌಸಿನ ವಿಷಯ ಹೇಳುವುದಿಲ್ಲ, ಎಂದೆಂದಿಗೂ ಹೇಳುವುದಿಲ್ಲ ಎಂದು ಆಗಲೇ ತೀರ್ಮಾನಿಸಿದೆ. ಆಪಾಗೂ ಬಾಯಿಗೆ ಬೀಗ ಹಾಕಿಕೋ ಎಂದೆ. "ಖುದಾ ಕಸಂ, ನನ್ನ ಬಾಯಿಂದ ಬರಲ್ಲ," ಎಂದಳು. ಅವಳಿಗೆ ಅದಕ್ಕಿಂತ ದೊಡ್ಡ ಕಷ್ಟ ಇನ್ನೊಂದಿಲ್ಲ.

ಮಾರನೆಯ ವಾರ ಶೆಡ್ಡಿನ ಬಣ್ಣ ಕಲಸುವ ಮೇಜು ಹೊರಗೆ ಹೊಂಗೆ ಮರದ ಕೆಳಗೆ ಬಂತು. ಎಳೆದು ತಂದವಳು ನಾನೇ. ಕಾರಿಗೆ ಹೊಡೆಯುವ ಕೆಲಸ ಪೂರ್ತಿ ಗಲ್ಲಿಯ ಬೇರೆಯವರಿಗೆ ಬಿಟ್ಟರು, ಇವರದು ಬರೀ ಕಲಸುವುದು, ಅದೂ ಬಯಲು ಗಾಳಿಯಲ್ಲಿ. ಎರಡು ಕೆನ್ನೆಗೂ ಡಬ್ಬಿಯಿರುವ ರಬ್ಬರ್ ಮಾಸ್ಕ್ ಬಂತು, ಕೈಗೆ ಉದ್ದನೆಯ ಗ್ಲೌಸ್ ಬಂತು. ಬಣ್ಣ ತಾಗಿದರೆ ಕೊಬ್ಬರಿ ಎಣ್ಣೆ ಹಚ್ಚಿ ಉಜ್ಜಿ ಸೋಪು ಹಾಕುವುದು, ಥಿನ್ನರ್‌ಗೆ ಕೈ ಅದ್ದುವಂತಿಲ್ಲ. ಥಿನ್ನರ್ ಡಬ್ಬಿಗೆ ಸದಾ ಮುಚ್ಚಳ. ಮನೆಯ ಔಷಧಿ ಸೀಸೆಯೂ ಹೋಯಿತು. ಪಾತ್ರೆಯ ಗೋಂದನ್ನು ನಾನೀಗ ಎಣ್ಣೆ ಹಚ್ಚಿ ಉಗುರಿನಲ್ಲಿ ಕೆರೆಯುತ್ತೇನೆ.

ಕಣ್ಣಿನ ಕೆಲಸ ನನ್ನದಾಯಿತು. ಬೆಳಗ್ಗೆ ಅಂಗಡಿ ತೆಗೆಯುವ ಮುಂಚೆ ಇವರ ಸ್ಕೂಟರಿನ ಹಿಂದೆ ಕೂತು ಯಶವಂತಪುರಕ್ಕೆ ಹೋಗುತ್ತಿದ್ದೆ. ಅವರು ಕಲಸಿ, ರಟ್ಟಿಗೆ ಹೊಡೆದು, ಒಣಗಿಸಿ ತರುವವರೆಗೆ ನಾನು ದೂರದಲ್ಲಿ ಬಿಸಿಲಿಗೆ ನಿಲ್ಲುವುದು. ಮುಚ್ಚಳದ ಪಕ್ಕ ಹಿಡಿದು ನೋಡುವುದು. ಮೊದಮೊದಲು ಗಲ್ಲಿಯವರು ಕಾಲೆಳೆದರು. "ಏನ್ ಗುರು, ಕಾರಿಗೆ ಬ್ಲೌಸ್ ಹೊಲಿಸ್ತಿದೀರಾ?" ಎಂದು ಒಬ್ಬ ಕೂಗಿದ. "ನಿಂಗೂ ಒಂದು ಹೊಲಿಸ್ಲಾ? ಅಳತೆ ಕೊಡು," ಎಂದೆ. ಆಮೇಲೆ ಅವನ ಬಾಯಿ ಮುಚ್ಚಿತು.

ಕಷ್ಟ ಇದ್ದದ್ದು ಭಾಷೆಯಲ್ಲಿ. ಯಾವ ಡಬ್ಬಿಯಿಂದ ಎಷ್ಟು ಹನಿ ಎನ್ನುವುದು ನನಗೆ ಗೊತ್ತಿಲ್ಲ, ಅವರಿಗೆ ಬಣ್ಣ ಕಾಣುವುದಿಲ್ಲ. ನಾನು, "ಇದು ಸ್ವಲ್ಪ ಬಾಡಿದ ವೀಳ್ಯದೆಲೆ ಕಡೆ ಹೋಗಿದೆ," ಎನ್ನುತ್ತಿದ್ದೆ. ಮಾಸ್ಕಿನೊಳಗಿಂದ ಅವರು ಗೊಣಗುಟ್ಟುತ್ತಿದ್ದರು, ಏನೆಂದು ಕೇಳಿಸುತ್ತಿರಲಿಲ್ಲ. ಆದರೆ ಕೈ ಸರಿಯಾದ ಡಬ್ಬಿಗೇ ಹೋಗುತ್ತಿತ್ತು. ಇಷ್ಟು ವರ್ಷ ಆಡಿದ ಜಗಳ ದಂಡವಾಗಿರಲಿಲ್ಲ. ನನ್ನ ಬದನೆಕಾಯಿ, ಈರುಳ್ಳಿ ಸಿಪ್ಪೆ ಎಲ್ಲ ಅವರ ತಲೆಯಲ್ಲಿ ಹನಿ ಲೆಕ್ಕವಾಗಿ ಕೂತಿತ್ತು. ಮೇಷ್ಟ್ರ ಕಾರಿನ ಬಾಗಿಲು ಮೂರು ಬೆಳಗ್ಗೆ ತೆಗೆದುಕೊಂಡಿತು. ಮೇಷ್ಟ್ರು ಬಂದು ಕಾರಿನ ಸುತ್ತ ಒಂದು ಸುತ್ತು ಹಾಕಿ, "ಯಾವ ಬಾಗಿಲು ಹೋಗಿತ್ತು ನಂದು?" ಎಂದು ಕೇಳಿದರು. ನನ್ನ ಗಂಡ ಅವತ್ತು ಮಾಸ್ಕ್ ತೆಗೆದು ನಕ್ಕರು. ಎಷ್ಟು ದಿನವಾಗಿತ್ತು ಆ ನಗು ನೋಡಿ.

ಅತ್ತೆಯ ಬೆಲ್ಲ ನಿಲ್ಲಲಿಲ್ಲ. ಅವರಿಗೆ ನಾನೇನೂ ಹೇಳಲಿಲ್ಲ. ಆ ಡಬ್ಬಿ ಈಗ ಹೋಳಿಗೆಗೆ, ಪಾಯಸಕ್ಕೆ ಹೋಗುತ್ತದೆ, ಅದೇ ಬೆಲ್ಲದ ಸರಿಯಾದ ಜಾಗ.

ತಲೆನೋವು ಮೊದಲು ಹೋಯಿತು. ಸಿಡುಕು ಕಡಿಮೆಯಾಯಿತು, ಅಥವಾ ನನ್ನ ಸಿಡುಕು ಜಾಸ್ತಿಯಾಗಿ ಅವರದು ಕಾಣಲಿಲ್ಲವೋ ಏನೋ. ಆದರೆ ಕಣ್ಣಿನ ಬಗ್ಗೆ ನಾನು ಕೇಳುತ್ತಿರಲಿಲ್ಲ, ಅವರು ಹೇಳುತ್ತಿರಲಿಲ್ಲ. ಭಾನುವಾರ ಅಂಗಡಿಗೆ ಬರುವುದನ್ನು ಬಿಟ್ಟುಬಿಟ್ಟಿದ್ದರು. ದಾರದ ಉಂಡೆಗಳು ಕಲಸಿಕೊಂಡೇ ಬಿದ್ದಿರುತ್ತಿದ್ದವು. ನನಗೂ ಜೋಡಿಸಲು ಮನಸ್ಸಾಗುತ್ತಿರಲಿಲ್ಲ. ಮೆಟ್ಟಿಲಲ್ಲಿ ಈಗ ವಾಸನೆ ಬರುತ್ತಿರಲಿಲ್ಲ, ಅವರು ಬಾಗಿಲಿಗೆ ಬಂದು ನಿಂತಾಗಲೇ ಗೊತ್ತಾಗುವುದು. ಎಷ್ಟೋ ಸಂಜೆ ಬೆಚ್ಚಿಬೀಳುತ್ತಿದ್ದೆ. ಹಾಳು ವಾಸನೆ, ಅದು ಹೋದದ್ದೇ ಒಳ್ಳೆಯದು. ಆದರೂ ಸಾರಿಗೆ ಒಗ್ಗರಣೆ ಹಾಕುವ ಹೊತ್ತಿಗೆ ಮೂಗು ತಾನಾಗಿ ಅದನ್ನು ಹುಡುಕುತ್ತಿತ್ತು.

ಮತ್ತೆ ಗೌರಿ ಹಬ್ಬ ಬಂತು. ಬ್ಲೌಸ್ ಪೀಸ್ ವಿಷಯ ಎತ್ತಿದೆ. "ಈ ಸಲ ನೀನೇ ತಗೊಂಬಿಡು," ಎಂದು ಪೇಪರ್ ಮಡಚಿಟ್ಟು ಒಳಗೆ ಹೋದರು. ಅವರು ಆರಿಸದ ಬ್ಲೌಸ್ ತೊಟ್ಟು ಹಬ್ಬ ಮಾಡಿದ್ದೇ ಇಲ್ಲ ನಾನು. ಹೊಸ ಸೀರೆಯೇ ಬೇಡ, ಹೋದ ವರ್ಷದ್ದೇ ಉಡುತ್ತೇನೆ ಎಂದು ಹಟ ಹಿಡಿದು ಮೈಲುತುತ್ತದ ಸೀರೆಯನ್ನೇ ತೆಗೆದೆ. ಅದರ ಜೊತೆಗೆ ಅದೇ ಹಸಿರು ಬ್ಲೌಸ್. ಹೇಗೂ ಇವರಿಗೆ ಒಂದೇ ಕಾಣುತ್ತದೆ, ನೋಡಿದರೆ ಖುಷಿಪಡುತ್ತಾರೆ, ಊರವರು ಏನಾದರೂ ಅಂದುಕೊಳ್ಳಲಿ ಎಂದುಕೊಂಡೆ.

ಬೆಳಗ್ಗೆ ಪೂಜೆ ಮುಗಿಸಿ, ಮೊರದ ಬಾಗಿನ ಹಿಡಿದು ಕೆಳಗಿನ ಮನೆಗೆ ಕೊಡಲು ಮೆಟ್ಟಿಲಿಳಿಯುತ್ತಿದ್ದೆ. ಇವರು ಹೂವು ತರಲು ಹೋದವರು ಮೇಲೆ ಹತ್ತಿ ಬರುತ್ತಿದ್ದರು. ಮೆಟ್ಟಿಲ ತಿರುವಿನಲ್ಲಿ ಕಿಟಕಿಯಿಂದ ಎಳೆ ಬಿಸಿಲು ನೇರವಾಗಿ ನನ್ನ ಮೇಲೆ ಬೀಳುತ್ತಿತ್ತು. ಇವರು ಎರಡು ಮೆಟ್ಟಿಲು ಕೆಳಗೆ ನಿಂತುಬಿಟ್ಟರು. ಒಂದು ಕಣ್ಣು ಕಿರಿದು ಮಾಡಿದರು. ಪೆಟ್ರೋಲ್ ಮುಚ್ಚಳವನ್ನು ಬಿಸಿಲಿಗೆ ಹಿಡಿದಾಗ ಮಾಡುತ್ತಿದ್ದರಲ್ಲ, ಹಾಗೆ.

"ಏನೇ ಇದು?" ಎಂದರು. "ಸೀರೆ ಒಂದ್ ಕಡೆ, ಬ್ಲೌಸ್ ಒಂದ್ ಕಡೆ. ನೀಲಿ ಸೀರೆಗೆ ಯಾವಳು ಹಸಿರು ಪೀಸ್ ಕೊಟ್ಟಿದ್ದು? ಮ್ಯಾಚಿಂಗ್ ಸೆಂಟರ್ ಯಜಮಾನಿ ಅಂತೆ, ಮರ್ಯಾದೆ ತೆಗೀತೀಯ ನೀನು."

ಬಾಗಿನವನ್ನು ಮಡಿಲಲ್ಲಿಟ್ಟುಕೊಂಡು ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟೆ. ಇವರು ಗಾಬರಿಯಾಗಿ ಹೂವಿನ ಪೊಟ್ಟಣ ಕೆಳಗಿಟ್ಟು ನನ್ನ ಪಕ್ಕ ಬಂದು ಕೂತರು. "ಅಳ್ತೀಯಾಕೆ? ಬೈದಿದ್ದಲ್ಲ ಕಣೇ, ಮ್ಯಾಚ್ ಆಗ್ತಿಲ್ಲ ಅಂದೆ ಅಷ್ಟೇ."

"ಇನ್ನೊಂದ್ಸಲ ಹೇಳಿ," ಎಂದೆ.

"ಏನು?"

"ಅದೇ, ಮ್ಯಾಚ್ ಆಗ್ತಿಲ್ಲ ಅಂದ್ರಲ್ಲ. ಇನ್ನೊಂದ್ಸಲ ಹೇಳಿ."